ಕಾರಿನ ಗ್ರಿಲ್‌ಗೆ ಮನೆಯಲ್ಲೇ ಬಣ್ಣ: ಮೊದಲ ಸಲ ಕೈಹಾಕುವವರಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿನ ಹಂಗಾಮು ಶುರುವಾದಾಗ ರಸ್ತೆಯ ಬದಿಗೆ ನಿಂತು ಟ್ರ್ಯಾಕ್ಟರುಗಳ ಮೋರೆಯನ್ನು ನೋಡಿ. ರಿಬ್ಬನ್ನು, ಹೂಮಾಲೆ, ಮನೆದೇವರ ಹೆಸರು, ಢಾಳವಾದ ಬಣ್ಣ. ಗಾಡಿಯ ಮೋರೆ ನಮ್ಮದೇ ಎಂದು ದೂರದಿಂದಲೇ ಗುರುತು ಸಿಗಬೇಕೆಂಬ ಆಸೆ ಈ ಸೀಮೆಗೆ ಹೊಸದೇನಲ್ಲ. ನಿಮ್ಮ ಕಾರಿನ ವಿಷಯದಲ್ಲೂ ಆ ಆಸೆ ಇದ್ದರೆ ಗ್ರಿಲ್‌ನಿಂದಲೇ ಆರಂಭಿಸಿ. ಬಾನೆಟ್ಟಿನ ಮೇಲೆ ಬಣ್ಣ ಕೆಟ್ಟರೆ ಊರಿಗೆಲ್ಲ ಕಾಣುತ್ತದೆ. ಗ್ರಿಲ್ ಹಾಗಲ್ಲ. ಅದು ಚಿಕ್ಕದು, ಬಿಚ್ಚಿ ಒಳಗೆ ತರಬಹುದು, ಸರಿಬಾರದಿದ್ದರೆ ಉಜ್ಜಿ ಮತ್ತೆ ಹಚ್ಚಬಹುದು.

ಎರಡು ಹೆಡ್‌ಲೈಟುಗಳ ನಡುವಿನ ಜಾಳಿಗೆಯೇ ಗ್ರಿಲ್. ಅದರ ಕೆಲಸ ಗಾಳಿಯನ್ನು ಒಳಗೆ ಬಿಡುವುದು. ಹಿಂದೆ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಇರುತ್ತದೆ, ಅದರ ಹಿಂದೆ ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರ್. ಆದ್ದರಿಂದ ಬಣ್ಣ ಬದಲಿಸಿ, ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಚಂದ ಕಾಣುತ್ತದೆಂದು ಕೆಲವರು ಹಿಂದುಗಡೆ ಒತ್ತಾದ ತಂತಿ ಜಾಲರಿ ಕೂರಿಸುತ್ತಾರೆ. ಕಬ್ಬಿನ ಸೀಮೆಯಲ್ಲಿ ಅದು ಬೇಡವೆಂದೇ ನನ್ನ ಅಭಿಪ್ರಾಯ. ಗಾಳಿಗೆ ಹಾರುವ ರವದಿಯ ಚೂರು ಅದರಲ್ಲಿ ಸಿಕ್ಕಿ ಗಾಳಿಯ ದಾರಿ ಕಟ್ಟುತ್ತದೆ.

ಕೆಲಸಕ್ಕೆ ಮೊದಲು ಕಾರಿನ ಕೈಪಿಡಿಯನ್ನು ತೆರೆದು ಒಂದು ಸಂಗತಿ ನೋಡಿಕೊಳ್ಳಿ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪನಿಯ ಲಾಂಛನದ ಹಿಂದೆ ಅಥವಾ ಗ್ರಿಲ್‌ನ ಆಸುಪಾಸಿನಲ್ಲಿ ರಾಡಾರ್ ಇರುತ್ತದೆ. ಮುಂದಿನ ವಾಹನದ ದೂರವನ್ನು ರೇಡಿಯೋ ಅಲೆಗಳಿಂದ ಅಳೆಯುವ ಸಾಧನ ಅದು. ಅದರ ಮುಂದಿನ ಭಾಗಕ್ಕೆ ಬಣ್ಣ ಹಚ್ಚಬಾರದು. ಲೋಹದ ಪುಡಿಯಿರುವ ಮೆಟಾಲಿಕ್ ಬಣ್ಣವಂತೂ ಆ ಅಲೆಗಳನ್ನು ತಡೆಯಬಲ್ಲದು. ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್‌ಗಳಿಗೂ ಬಣ್ಣ ತಾಗಬಾರದು.

ಈಗ ಗ್ರಿಲ್ ಬಿಚ್ಚೋಣ. ಬಹಳಷ್ಟು ಕಾರುಗಳಲ್ಲಿ ಅದು ಕೆಲವು ಸ್ಕ್ರೂ ಮತ್ತು ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಕೆಲವದರಲ್ಲಿ ಮೊದಲು ಬಂಪರ್ ಇಳಿಸಬೇಕು. ಅಂಥ ಕಡೆ ಮೊದಲ ಸಲ ಪರಿಚಯದ ಮೆಕ್ಯಾನಿಕ್ಕನ್ನು ಜೊತೆಗಿಟ್ಟುಕೊಳ್ಳಿ. ಬಿಚ್ಚುವ ಮೊದಲು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ, ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿ. ಹಳೆಯ ಕ್ಲಿಪ್ಪುಗಳು ಬಿಸಿಲಿಗೆ ಗಡುಸಾಗಿ ಪುಟಕ್ಕನೆ ಮುರಿಯುತ್ತವೆ, ನಾಲ್ಕು ಹೆಚ್ಚಿಗೆ ತಂದಿಟ್ಟುಕೊಂಡರೆ ಒಳ್ಳೆಯದು.

ಬಿಚ್ಚಿದ ಗ್ರಿಲ್ಲನ್ನು ಬೋರಲು ಹಾಕಿ ಹಿಂಭಾಗ ನೋಡಿ. ಎಬಿಎಸ್ ಅಥವಾ ಪಿಪಿ ಎಂಬ ಅಕ್ಷರಗಳು ಅಚ್ಚಾಗಿರಬಹುದು. ಎಬಿಎಸ್ ಎಂಬುದು ಬಣ್ಣವನ್ನು ಚೆನ್ನಾಗಿ ಹಿಡಿದುಕೊಳ್ಳುವ ಗಟ್ಟಿ ಪ್ಲಾಸ್ಟಿಕ್. ಪಿಪಿ ಎಂದರೆ ಪಾಲಿಪ್ರೊಪಿಲೀನ್, ಮೇಣದಂಥ ಮೈ, ಬಣ್ಣವನ್ನು ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ. ಇದಕ್ಕೆ ಅಡ್ಹೀಶನ್ ಪ್ರೊಮೋಟರ್ ಎಂಬ ಅಂಟು ಹೆಚ್ಚಿಸುವ ದ್ರವವನ್ನು ಮೊದಲೇ ಸಿಂಪಡಿಸಬೇಕು. ಕನ್ನಡಿಯಂತೆ ಹೊಳೆಯುವ ಭಾಗ ಕ್ರೋಮ್, ಅಂದರೆ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ತೆಳ್ಳನೆಯ ಲೋಹದ ಪದರ. ಅದು ಎಲ್ಲಕ್ಕಿಂತ ಹಟಮಾರಿ.

ಇನ್ನು ಮುಂದಿನದೇ ನಿಜವಾದ ಕೆಲಸ. ಬಣ್ಣ ಊದುವುದು ಕೆಲವು ನಿಮಿಷಗಳ ಮಾತು. ಅದು ಉಳಿಯುವುದೋ ಎದ್ದು ಬರುವುದೋ ಎಂಬುದು ಅದಕ್ಕೂ ಮುಂಚೆಯೇ ನಿಶ್ಚಯವಾಗಿರುತ್ತದೆ. ಗೋಕಾಕ ಬಣ್ಣದ ಗೊಂಬೆಗಳಿಗೆ ಹೆಸರಾದ ಊರು, ಕೊಪ್ಪಳ ಜಿಲ್ಲೆಯ ಕಿನ್ನಾಳವೂ ಹಾಗೆಯೇ. ಕಿನ್ನಾಳದ ಕಸಬುದಾರರು ಮರದ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಸರಿಯಲ್ಲಿ ನೆನೆಸಿದ ಬಟ್ಟೆಯಿಂದ ಸಂದುಗಳನ್ನು ಮುಚ್ಚಿ, ಕಲ್ಲಿನ ಪುಡಿ ಬೆರೆಸಿದ ಅಂಟನ್ನು ಬಳಿದು, ನಯವಾದ ನೆಲೆ ಸಿದ್ಧಪಡಿಸಿದ ಮೇಲೆಯೇ ಕುಂಚ ಎತ್ತುತ್ತಾರೆ. ನಮ್ಮ ಗ್ರಿಲ್‌ನಲ್ಲಿ ಆ ನೆಲೆಯ ಹೆಸರು ಪ್ರೈಮರ್.

ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಗ್ರಿಲ್ಲನ್ನು ತೊಳೆಯಿರಿ, ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ. ಬೋರ್‌ವೆಲ್ಲಿನ ಗಡಸು ನೀರು ತಾನಾಗಿಯೇ ಆರಿದರೆ ಬಿಳಿ ಕಲೆ ಬಿಡುತ್ತದೆ, ಕೂಡಲೇ ಒರೆಸಿಬಿಡಿ. ನಂತರ ಪಾಲಿಶ್ ಕಾಗದ. ಅದರ ಹಿಂದೆ ಬರೆದಿರುವ ಅಂಕಿ ದೊಡ್ಡದಾದಷ್ಟೂ ಕಾಗದ ನಯ. ಕ್ರೋಮ್ ಇದ್ದರೆ 320 ಅಥವಾ 400ರಿಂದ ಶುರುಮಾಡಿ 600ಕ್ಕೆ ಬನ್ನಿ. ಬರಿಯ ಪ್ಲಾಸ್ಟಿಕ್ಕಿಗೆ 600 ಸಾಕು. ಗುರಿ ಕ್ರೋಮನ್ನು ಪೂರ್ತಿ ಕಿತ್ತುಹಾಕುವುದಲ್ಲ, ಹೊಳಪು ಹೋಗಿ ಮೈಯೆಲ್ಲ ಒಂದೇ ಸಮನೆ ಮಂಕಾಗಬೇಕು, ಅಷ್ಟೆ. ಹೊಳೆಯುವ ಒಂದು ಚುಕ್ಕೆ ಉಳಿದರೂ ಬಣ್ಣ ಅಲ್ಲಿಂದಲೇ ಏಳಲು ತೊಡಗುತ್ತದೆ. ಈ ಹಂತದಲ್ಲಿ ಎಲ್ಲರಿಗೂ ಬೇಸರ ಬರುತ್ತದೆ. ಬಂದರೆ ಚಹಾ ಕುಡಿದು ಬನ್ನಿ, ಹಂತವನ್ನು ಮಾತ್ರ ಹಾರಿಸಬೇಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಶುದ್ಧ ಬಟ್ಟೆಯಿಂದ ಒರೆಸಿ. ಅದು ಜಿಡ್ಡು ತೆಗೆದು ತಾನೂ ಆವಿಯಾಗಿ ಹೋಗುತ್ತದೆ. ಅಲ್ಲಿಂದ ಮುಂದೆ ಬರಿಗೈಯಿಂದ ಮುಟ್ಟಬೇಡಿ.

ದಿನವನ್ನೂ ಆರಿಸಿಕೊಳ್ಳಬೇಕು. ಮಳೆಗಾಲದ ತೇವದಲ್ಲಿ ಬಣ್ಣ ಬೆಳ್ಳಗೆ ಮಸುಕಾಗಬಹುದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದಲ್ಲಿ ಊದಿದ ಹನಿ ಮೈಗೆ ತಾಗುವ ಮೊದಲೇ ಅರ್ಧ ಒಣಗಿ ಮೇಲ್ಮೈ ತರಿತರಿಯಾಗುತ್ತದೆ. ಮಳೆಗಾಲ ಕಳೆದ ಮೇಲೆ, ಇಬ್ಬನಿ ಆರಿ ಬಿಸಿಲು ಇನ್ನೂ ಚುರುಕಾಗದ ಮುಂಜಾನೆ ಒಳ್ಳೆಯದು. ಆದರೆ ಕಬ್ಬಿನ ಗಾಡಿಗಳ ಧೂಳೂ ಅದೇ ಕಾಲಕ್ಕೆ. ಆದ್ದರಿಂದ ರಸ್ತೆಯ ಕಡೆಗಲ್ಲ, ಹಿತ್ತಲ ಕಡೆ ಗಾಳಿಯಾಡುವ ಚಪ್ಪರದಡಿ ಕೆಲಸಮಾಡಿ, ನೆಲಕ್ಕೆ ನೀರು ಚಿಮುಕಿಸಿಕೊಳ್ಳಿ. ಅಡುಗೆಯ ಒಲೆ, ಬೀಡಿ, ಸಿಗರೇಟು ಹತ್ತಿರ ಬೇಡ, ಸ್ಪ್ರೇಯ ಆವಿಗೆ ಬೆಂಕಿ ಹೊತ್ತುತ್ತದೆ. ಆವಿ ತಡೆಯುವ ಮಾಸ್ಕ್ ಧರಿಸಿ. ಕೋವಿಡ್ ಕಾಲದ ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು.

ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿ, ಗ್ರಿಲ್‌ನಿಂದ 20ರಿಂದ 30 ಸೆಂಟಿಮೀಟರ್ ದೂರ ಹಿಡಿಯಿರಿ. ಗ್ರಿಲ್‌ನ ಅಂಚಿಗಿಂತ ಆಚೆ ಒತ್ತಲು ಶುರುಮಾಡಿ, ಇನ್ನೊಂದು ಅಂಚು ದಾಟಿದ ಮೇಲೆ ಬಿಡಿ. ಕೈ ಎಲ್ಲಿಯೂ ನಿಲ್ಲಬಾರದು, ನಿಂತಲ್ಲಿ ಬಣ್ಣ ಇಳಿಯುತ್ತದೆ. ಮೊದಲ ಪದರದ ಅಡಿಯಿಂದ ಹಳೆಯ ಬಣ್ಣ ಇಣುಕುತ್ತಿರಲಿ, ಅದು ಸರಿಯಾದ ಲಕ್ಷಣ. ಪ್ರೈಮರ್ ಎರಡು ತೆಳು ಪದರ, ಬಣ್ಣ ಮೂರು, ನಡುನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡುವು. ಕೊನೆಗೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಬಿಸಿಲಿನಿಂದ, ಗೀರಿನಿಂದ ಕಾಯುವ ಪಾರದರ್ಶಕ ಲೇಪ. ಎರಡು ದ್ರವ ಬೆರೆಯುವ ಟೂ-ಕೆ ಕ್ಲಿಯರ್ ಹೆಚ್ಚು ಗಟ್ಟಿ, ಆದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕ್ಕೆ ಅಪಾಯಕಾರಿ. ಹೊಸಬರಿಗೆ ಸಾದಾ ಕ್ಲಿಯರೇ ಸಾಕು. ಯಾವ ಬಣ್ಣವೆಂದು ಕೇಳಿದರೆ ನಾನು ಅರೆಹೊಳಪಿನ ಕಪ್ಪು ಎನ್ನುತ್ತೇನೆ. ಸಣ್ಣ ತಪ್ಪುಗಳನ್ನು ಅದು ತನ್ನೊಳಗೆ ಅಡಗಿಸಿಕೊಳ್ಳುತ್ತದೆ.

ಕಾನೂನಿನ ಬಗ್ಗೆ ಎರಡು ಮಾತು. ಆರ್‌ಸಿಯಲ್ಲಿ ನಮೂದಾಗಿರುವುದು ಕಾರಿನ ಮೈಬಣ್ಣ. ಅದನ್ನೇ ಬದಲಿಸುವುದಾದರೆ ಆರ್‌ಟಿಓ ಕಚೇರಿಗೆ ಹೋಗಬೇಕು. ಗ್ರಿಲ್‌ನ ಮುಂದೆ ಕಬ್ಬಿಣದ ಬುಲ್ ಬಾರ್ ಕೂರಿಸುವ ಆಲೋಚನೆ ಬಂದರೆ ಬಿಟ್ಟುಬಿಡಿ. ಅದು ಮೋಟಾರು ವಾಹನ ಕಾಯ್ದೆಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ತಿಳಿಸಿದೆ.

ಒಂದು ದಿನ ಆರಗೊಟ್ಟು ಗ್ರಿಲ್ಲನ್ನು ಮರಳಿ ಕೂರಿಸಿ, ಒಂದು ವಾರ ಒತ್ತಡದ ನೀರಿನಿಂದ ತೊಳೆಸಬೇಡಿ. ಸಂಕೇಶ್ವರದ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೋದಾಗ ಕಲ್ಲು ಸಿಡಿದು ಅಲ್ಲಲ್ಲಿ ಚುಕ್ಕೆ ಏಳುವುದುಂಟು. ಅದಕ್ಕೆಂದು ಉಳಿದ ಬಣ್ಣವನ್ನು ಎಸೆಯದಿರಿ. ಡಬ್ಬಿಯನ್ನು ತಲೆಕೆಳಗು ಹಿಡಿದು ಬರಿಯ ಗಾಳಿ ಬರುವ ತನಕ ಒತ್ತಿ, ಮೂತಿ ಕಟ್ಟಿಕೊಳ್ಳುವುದಿಲ್ಲ. ಆಮೇಲೆ ಬಿಸಿಲು ತಾಗದ ಕಡೆ ಇಡಿ.