ಎಳನೀರು ತಿರುಳಾಗುವ ಗಣಿತ

ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೊರಟರೂ ಚಿಕ್ಕನಾಯಕನಹಳ್ಳಿಯ ಕಡೆಗೆ ಹೊರಟರೂ ದಾರಿಯುದ್ದಕ್ಕೂ ತೆಂಗಿನ ತೋಟಗಳು ನಮ್ಮ ಜೊತೆಯಲ್ಲಿಯೇ ಬರುವುವು. ಈ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಇಟ್ಟ ಬಲಿತ ಕಾಯಿಯನ್ನು ಕಿತ್ತೊಡನೆ ಒಡೆಯುವುದಿಲ್ಲ. ಅದನ್ನು ಹಲವು ತಿಂಗಳ ಕಾಲ ಅಟ್ಟದ ಮೇಲೆ ಇರಿಸುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು ಅಲುಗಾಡತೊಡಗಿದ ಮೇಲೆಯೇ ಕಾಯಿಯನ್ನು ಸುಲಿದು, ಕರಟವನ್ನು ಒಡೆದು, ಇಡಿಯ ಉಂಡೆಯನ್ನು ಪೇಟೆಗೆ ತರುವರು. ಅಂತಹ ಒಂದು ಉಂಡೆಯನ್ನು ಕೈಯಲ್ಲಿ ಹಿಡಿದು ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ಒಂದು ಕಾಲಕ್ಕೆ ಬರಿಯ ನೀರಾಗಿದ್ದ ಪದಾರ್ಥವು ಕತ್ತಿಗೂ ಸುಲಭವಾಗಿ ಬಗ್ಗದಷ್ಟು ಗಟ್ಟಿಯಾದುದು ಹೇಗೆ?

ಇದು ಸಸ್ಯಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಅದರ ಅರ್ಧ ಉತ್ತರ ಗಣಿತದಲ್ಲಿದೆ. ಜೀವಕೋಶಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ, ಎಷ್ಟು ಬಲವಾಗಿ ಹೊರಕ್ಕೆ ಒತ್ತುತ್ತಿವೆ, ಎಂಬ ಎರಡು ಸಂಗತಿಗಳನ್ನು ಸಂಖ್ಯೆಗಳಲ್ಲಿ ಹೇಳಬಲ್ಲೆವಾದರೆ ಅಂಗಾಂಶದ ಬೆಳವಣಿಗೆಯ ಬಹುಭಾಗವನ್ನು ಲೆಕ್ಕ ಹಾಕಬಹುದು. ತೋಟದ ಒಡೆಯನಿಗೂ ಈ ಲೆಕ್ಕದಿಂದ ಪ್ರಯೋಜನವುಂಟು. ಹೇಗೆಂಬುದನ್ನು ನೋಡೋಣ.

ಗೋಡೆಯಿಲ್ಲದ ಊರು

ಹೆಣ್ಣು ಹೂವು ಬಲಿತ ಕಾಯಾಗಲು ಸುಮಾರು ೧೨ ತಿಂಗಳು ಬೇಕು. ಮೊದಲ ತಿಂಗಳುಗಳಲ್ಲಿ ಕಾಯಿಯ ಒಳಗೆ ತಿರುಳೆಂಬುದೇ ಇರುವುದಿಲ್ಲ. ಅಲ್ಲಿರುವ ದ್ರವದಲ್ಲಿ ಅಸಂಖ್ಯಾತ ಕೋಶಕೇಂದ್ರಗಳು ತೇಲುತ್ತಿರುವುವು. ಆದರೆ ಒಂದಕ್ಕೂ ಮತ್ತೊಂದಕ್ಕೂ ನಡುವೆ ಗೋಡೆಯಿಲ್ಲ. ಜನರು ಬಂದು ನೆರೆದಿದ್ದಾರೆ, ಮನೆಗಳು ಇನ್ನೂ ಎದ್ದಿಲ್ಲ, ಎಂಬಂತಹ ಊರು ಅದು. ಸುಮಾರು ಅರ್ಧ ವರ್ಷ ಕಳೆಯುವಾಗ ಈ ಕೇಂದ್ರಗಳು ಅಂಚಿಗೆ ಸೇರಿ, ಅವುಗಳ ನಡುವೆ ಗೋಡೆಗಳು ಮೂಡುವುವು. ಕಣ್ಣುಗಳಿರುವ ತುದಿಗೆ ಎದುರಾದ ತುದಿಯಲ್ಲಿ ಮೊದಲು ತೆಳುವಾದ ಗಂಜಿ ಕಾಣಿಸಿಕೊಂಡು, ಕ್ರಮೇಣ ಸುತ್ತಲೂ ಹರಡಿ, ಗಟ್ಟಿಯಾದ ತಿರುಳಾಗುವುದು.

ಎರಡು ಕೋಶಗಳ ಗೋಡೆಗಳ ನಡುವೆ ಪೆಕ್ಟಿನ್ ಎಂಬ ಅಂಟಿನ ಪದರವೊಂದಿರುತ್ತದೆ. ಸೀಬೆಹಣ್ಣಿನ ಜೆಲ್ಲಿಯನ್ನು ಹೆಪ್ಪುಗಟ್ಟಿಸುವ ವಸ್ತುವೂ ಇದೇ ಆಗಿದೆ. ಇಟ್ಟಿಗೆಗಳಿಗೆ ಗಾರೆ ಹೇಗೋ ಸಸ್ಯಕೋಶಗಳಿಗೆ ಈ ಪದರ ಹಾಗೆ. ಗೋಡೆಯೂ ಗಾರೆಯೂ ಬಂದ ಮೇಲೆಯೇ ದ್ರವವು ಅಂಗಾಂಶವೆನಿಸಿಕೊಳ್ಳುವುದು.

ಅಂಟಿನ ಲೆಕ್ಕ

ಪ್ರಾಣಿಗಳ ಕೋಶಗಳಿಗೆ ಇಂತಹ ಗಟ್ಟಿಗೋಡೆಯಿಲ್ಲ. ಅವು ಅಂಟಿಕೊಂಡಿದ್ದರೂ ನೆರೆಯನ್ನು ಬದಲಾಯಿಸಬಲ್ಲವು. ೧೯೦೭ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಅವರು ಸಮುದ್ರದ ಸ್ಪಂಜು ಪ್ರಾಣಿಯನ್ನು ನವಿರಾದ ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಕೋಶಗಳನ್ನು ಬೇರ್ಪಡಿಸಿದರು. ಚದರಿದ ಕೋಶಗಳು ಮರಳಿ ಕೂಡಿಕೊಂಡು ಹೊಸ ಸ್ಪಂಜಾದುವು! ೧೯೫೫ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಎಂಬವರು ಉಭಯಚರಗಳ ಭ್ರೂಣದ ಬೇರೆ ಬೇರೆ ಬಗೆಯ ಕೋಶಗಳನ್ನು ಕಲಸಿಬಿಟ್ಟಾಗಲೂ ಆಯಾ ಬಗೆಯವು ಆಯಾ ಸ್ಥಾನವನ್ನು ಹುಡುಕಿಕೊಂಡುವು.

ಕೋಶಗಳಿಗೆ ತಮ್ಮ ಸ್ಥಾನ ಗೊತ್ತಾಗುವುದೆಂತು? ಗೊತ್ತಿರಬೇಕಾದ ಅಗತ್ಯವೇ ಇಲ್ಲವೆಂದು ಮಾಲ್ಕಮ್ ಸ್ಟೈನ್‌ಬರ್ಗ್ ಅವರು ೧೯೬೩ರಲ್ಲಿ ವಾದಿಸಿದರು. ಎಣ್ಣೆಯೂ ನೀರೂ ಯಾರ ಅಪ್ಪಣೆಯೂ ಇಲ್ಲದೆ ಬೇರೆಯಾಗುವಂತೆ, ಹೆಚ್ಚು ಅಂಟುಳ್ಳ ಕೋಶಗಳು ಒಳಕ್ಕೂ ಕಡಮೆ ಅಂಟುಳ್ಳವು ಹೊರಕ್ಕೂ ಸರಿಯುವುವೆಂಬುದು ಅವರ ಮತ. ಈ ಅಂಟಿಗೆ ಕಾರಣವಾದ ಕ್ಯಾಡ್‌ಹೆರಿನ್ ಎಂಬ ಪ್ರೋಟೀನುಗಳನ್ನು ಜಪಾನಿನ ಮಸತೋಶಿ ತಾಕೇಚಿ ಅವರು ೧೯೮೦ರ ದಶಕದಲ್ಲಿ ಗುರುತಿಸಿದರು. ಕೋಶದ ಮೈ ತನ್ನನ್ನು ತಾನೇ ಸಂಕೋಚಿಸಿಕೊಳ್ಳುವ ಸೆಳೆತವೂ ಇದರಲ್ಲಿ ಪಾಲುಗೊಳ್ಳುವುದೆಂದು ಮುಂದೆ ತಿಳಿದುಬಂದಿತು.

೧೯೯೨ರಲ್ಲಿ ಗ್ರಾನರ್ ಮತ್ತು ಗ್ಲೇಜಿಯರ್ ಎಂಬವರು ಈ ಊಹೆಯನ್ನು ಗಣಕಯಂತ್ರದ ಮೇಲೆ ಆಡಿಸಿ ನೋಡಿದರು. ಅವರ ರೀತಿಯನ್ನು ನಾವು ಚೌಕಳಿಯ ಕಾಗದದ ಮೇಲೆ ತಿಳಿಯಬಹುದು. ಕೆಲವು ಚೌಕಗಳ ಒಂದೊಂದು ಗುಂಪನ್ನು ಒಂದೊಂದು ಕೋಶವೆಂದು ಭಾವಿಸಿ, ಅವುಗಳಿಗೆ ಕಪ್ಪು, ಬಿಳಿ ಎಂದು ಎರಡು ಬಣ್ಣ ಕೊಡೋಣ. ಎರಡು ಕೋಶಗಳು ತಾಗುವ ಪ್ರತಿಯೊಂದು ಗಡಿಗೂ ಒಂದು ವೆಚ್ಚವಿದೆ. ಅಂಟು ಹೆಚ್ಚಿದಷ್ಟೂ ವೆಚ್ಚ ಕಡಮೆ. ಕಪ್ಪು-ಕಪ್ಪು ಗಡಿಗೆ ೨, ಬಿಳಿ-ಬಿಳಿ ಗಡಿಗೆ ೧೦, ಕಪ್ಪು-ಬಿಳಿ ಗಡಿಗೆ ೮ ಎಂದು ಇಟ್ಟುಕೊಳ್ಳೋಣ. ಎರಡು ಮಿಶ್ರಗಡಿಗಳ ವೆಚ್ಚ ೧೬. ಅವು ಹೋಗಿ ಅವುಗಳ ಬದಲಿಗೆ ಒಂದು ಕಪ್ಪು-ಕಪ್ಪು ಗಡಿಯೂ ಒಂದು ಬಿಳಿ-ಬಿಳಿ ಗಡಿಯೂ ಬಂದರೆ ವೆಚ್ಚ ೧೨ ಮಾತ್ರ. ೪ರ ಉಳಿತಾಯವಾಯಿತಲ್ಲವೆ? ವೆಚ್ಚ ಇಳಿಯುವ ಬದಲಾವಣೆಯನ್ನು ಯಂತ್ರವು ಒಪ್ಪುವುದು. ಏರುವ ಬದಲಾವಣೆಯನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಒಪ್ಪುವುದು. ಹೀಗೆ ಸಾವಿರಾರು ಸಲ ನಡೆದರೆ ಕಲಸಿದ ಕೋಶಗಳು ಬಣ್ಣ ಬಣ್ಣವಾಗಿ ಬೇರ್ಪಡುವುವು.

ಬೆಳವಣಿಗೆಯೂ ಈ ಲೆಕ್ಕದೊಳಗೆ ಸೇರುವುದು. ಕೋಶಕ್ಕೆ ೪೦ ಚೌಕಗಳಿರಬೇಕಾಗಿದ್ದು ೩೭ ಮಾತ್ರ ಇದ್ದರೆ, ಕೊರತೆಯಾದ ೩ರ ವರ್ಗ, ಎಂದರೆ ೯ಕ್ಕೆ ತಕ್ಕ ದಂಡವನ್ನು ವೆಚ್ಚಕ್ಕೆ ಕೂಡಿಸುವರು. ಇರಬೇಕಾದ ಚೌಕಗಳ ಸಂಖ್ಯೆಯನ್ನು ಮೆಲ್ಲನೆ ಹೆಚ್ಚಿಸುತ್ತ ಹೋದರೆ ಕೋಶವು ಬೆಳೆಯುವುದು. ನೆರೆಯವು ಜಾಗ ಕೊಡಬೇಕಾಗುವುದು.

ಸರಿಯಲಾರದ ಕೋಶ

ತೆಂಗಿನ ಕೋಶಕ್ಕೆ ಈ ಸ್ವಾತಂತ್ರ್ಯವಿಲ್ಲ. ಗಾರೆ ಹಿಡಿದ ಇಟ್ಟಿಗೆಯಂತೆ ಅದು ಹುಟ್ಟಿದ ನೆರೆಯಲ್ಲಿಯೇ ಬಾಳಬೇಕು. ಹಾಗಾದರೆ ಬೆಳೆಯುವುದೆಂತು? ಕೋಶದೊಳಗಿನ ನೀರು ಗೋಡೆಯನ್ನು ಹೊರಕ್ಕೆ ಒತ್ತುತ್ತಿರುವುದು. ಒತ್ತಡವು ಒಂದು ಮಿತಿಯನ್ನು ದಾಟಿದಾಗ ಗೋಡೆ ಸ್ವಲ್ಪ ಸಡಿಲಿ, ಮತ್ತೆ ಹಿಂದಕ್ಕೆ ಬಾರದಂತೆ ಹಿಗ್ಗುವುದು. ೧೯೬೫ರಲ್ಲಿ ಜೇಮ್ಸ್ ಲಾಕ್‌ಹಾರ್ಟ್ ಅವರು ಇದನ್ನು ಒಂದು ಸರಳ ಸಮೀಕರಣದಲ್ಲಿ ಅಡಗಿಸಿದರು:

ಬೆಳವಣಿಗೆಯ ವೇಗ = ಗೋಡೆಯ ಸಡಿಲಿಕೆ × (ಒಳಗಿನ ಒತ್ತಡ − ಹೊಸ್ತಿಲ ಒತ್ತಡ)

ಹೊಸ್ತಿಲೆಂದರೆ ಹಿಗ್ಗುವಿಕೆ ಮೊದಲಾಗುವ ಮಿತಿ. ಒತ್ತಡವು ಅದಕ್ಕಿಂತ ಕೆಳಗಿಳಿದರೆ ವೇಗ ಸೊನ್ನೆಯೇ. ಉದಾಹರಣೆಗಾಗಿ ಒಳಗಿನ ಒತ್ತಡ ೬ ವಾಯುಭಾರ, ಹೊಸ್ತಿಲು ೪ ಎಂದು ಭಾವಿಸೋಣ. ವ್ಯತ್ಯಾಸ ೨. ನೆಲದ ಪಸೆ ಕುಂದಿ ಒತ್ತಡವು ೫ಕ್ಕೆ ಇಳಿಯಿತೆನ್ನಿ. ಇಳಿದುದು ಆರನೆಯ ಒಂದು ಪಾಲು ಮಾತ್ರ. ಆದರೆ ವ್ಯತ್ಯಾಸ ೧ ಆಯಿತು, ಬೆಳವಣಿಗೆ ಅರ್ಧಕ್ಕೆ ಇಳಿಯಿತು. ೪ಕ್ಕೆ ಇಳಿದರೆ ಬೆಳವಣಿಗೆ ಪೂರ್ತಿಯಾಗಿ ನಿಂತಿತು. ಆಗಲೂ ಕೋಶದಲ್ಲಿ ಮೋಟಾರು ಕಾರಿನ ಚಕ್ರದಲ್ಲಿರುವ ಒತ್ತಡದ ಸುಮಾರು ಎರಡರಷ್ಟು ಉಳಿದಿದೆ; ಗರಿಗಳು ನೆಟ್ಟಗೆ ನಿಂತಿವೆ. ಎಲೆ ಜೋಲುವುದು ಒತ್ತಡ ಹೆಚ್ಚುಕಡಮೆ ಸೊನ್ನೆಯಾದಾಗ. ಆದುದರಿಂದ ಬಾಡುವುದು ಕಣ್ಣಿಗೆ ಬೀಳುವುದಕ್ಕೆ ಬಹಳ ಮುಂಚೆಯೇ ಬೆಳವಣಿಗೆ ನಿಂತುಹೋಗಿರುತ್ತದೆ. ಈ ಲೇಖನದಲ್ಲಿ ವಾಚಕರು ನೆನಪಿನಲ್ಲಿ ಇಡಬೇಕಾದ ಮಾತು ಇದೊಂದೇ.

ತೋಟದಲ್ಲಿ ಓದಬಹುದಾದ ಸಾಕ್ಷ್ಯ

ಈ ಮಾತಿಗೆ ಮರವೇ ಸಾಕ್ಷಿ ನುಡಿಯುವುದು. ತೆಂಗಿನ ಕಾಂಡಕ್ಕೆ ಹಲಸು ಮಾವುಗಳಂತೆ ವರ್ಷ ವರ್ಷವೂ ದಪ್ಪವಾಗುವ ಶಕ್ತಿಯಿಲ್ಲ. ಸುಳಿಯಲ್ಲಿ ಹುಟ್ಟಿ ಬೆಳೆದಾಗ ಎಷ್ಟು ದಪ್ಪವೋ ಬಾಳಿನುದ್ದಕ್ಕೂ ಹೆಚ್ಚುಕಡಮೆ ಅಷ್ಟೇ. ಬರಗಾಲದಲ್ಲಿ ಬೆಳೆದ ಭಾಗ ಸಣಕಲಾಗಿ, ಮಳೆ ಮರಳಿದ ಮೇಲೆ ಬೆಳೆದ ಭಾಗ ಮತ್ತೆ ದಪ್ಪನಾಗಿ, ನಡುವೆ ಸೊಂಟದಂತೆ ಕಿರಿದಾಗಿ ಕಾಣುವ ಮರಗಳನ್ನು ಈ ಸೀಮೆಯವರು ಕಾಣದೆ ಇಲ್ಲ. ಇನ್ನೂ ಗೂಢವಾದ ನಷ್ಟ ಹೊಂಬಾಳೆಯದು. ಅದು ಒಡೆಯುವುದಕ್ಕೆ ಸುಮಾರು ೩೨ ತಿಂಗಳು ಮುಂಚೆಯೇ ಸುಳಿಯೊಳಗೆ ಅದರ ಮೊಳಕೆ ಮೂಡಿರುತ್ತದೆ. ಕಾಯಿ ಬಲಿಯಲು ಮತ್ತೆ ೧೨ ತಿಂಗಳು. ಹೀಗಾಗಿ ಒಂದು ಬೇಸಗೆಯಲ್ಲಿ ಇಳಿದ ಒತ್ತಡದ ಲೆಕ್ಕವು ಮೂರು ವರ್ಷಗಳಾಚೆಗೂ ಕೊಬ್ಬರಿಯ ತೂಕದಲ್ಲಿ ಬಂದು ನಿಲ್ಲಬಹುದು.

ಗೋಡೆಯ ಸಡಿಲಿಕೆ ಕೆಟ್ಟರೆ ಏನಾಗುವುದೆಂಬುದನ್ನು ನುಸಿಪೀಡೆ ತೋರಿಸುತ್ತದೆ. ೧೯೯೦ರ ದಶಕದ ಕೊನೆಯಲ್ಲಿ ಕೇರಳದಲ್ಲಿ ಕಂಡು ಬಳಿಕ ನಮ್ಮ ತೋಟಗಳಿಗೂ ಹಬ್ಬಿದ ಈ ನುಸಿ ಕಣ್ಣಿಗೆ ಕಾಣದಷ್ಟು ಸಣ್ಣದು. ಎಳೆಯ ಕಾಯಿಯ ತೊಟ್ಟಿನ ಟೊಪ್ಪಿಗೆಯ ಕೆಳಗೆ, ಹೊಸ ಕೋಶಗಳು ಬೆಳೆಯುವ ಬಿಳಿಯ ಮೆತುಭಾಗದಲ್ಲಿ ಅದರ ವಾಸ. ಅಲ್ಲಿ ಅದು ರಸ ಹೀರಿದ ಮೈ ಕಂದಾಗಿ ಬಿರುಸಾಗುವುದು. ಒಳಗಿನ ಭಾಗ ಬೆಳೆಯುತ್ತಲೇ ಇದ್ದು ಹೊರಮೈ ಹಿಗ್ಗಲಾರದೆ ಹೋದಾಗ ಸಿಪ್ಪೆ ಬಿರಿಯುವುದು, ಕಾಯಿ ಸೊಟ್ಟಗಾಗಿ ಸಣ್ಣದಾಗುವುದು. ಸಮೀಕರಣದ ಭಾಷೆಯಲ್ಲಿ ಹೇಳುವುದಾದರೆ ಒತ್ತಡ ಉಳಿಯಿತು, ಸಡಿಲಿಕೆ ಸತ್ತಿತು.

ಹರಳು ಉದುರುವುದು ಅಂಟಿನ ಕಥೆ. ಬಿಟ್ಟ ಹರಳೆಲ್ಲ ಕಾಯಾಗುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಪರಾಗ ಕೂಡದಿದ್ದಾಗ, ನೀರೋ ಗೊಬ್ಬರವೋ ಸಾಲದಾದಾಗ, ಹರಳಿನ ಬುಡದ ಒಂದು ತೆಳುಪದರದ ಕೋಶಗಳಲ್ಲಿ ಪೆಕ್ಟಿನ್ನನ್ನೂ ಗೋಡೆಯನ್ನೂ ಕರಗಿಸುವ ಕಿಣ್ವಗಳು ಹುಟ್ಟುವುವು. ಗಾರೆ ಕರಗಿದ ಮೇಲೆ ಗಾಳಿಯ ಅಗತ್ಯವೂ ಇಲ್ಲ. ತನ್ನ ಭಾರಕ್ಕೆ ತಾನೇ ಹರಳು ಕಳಚಿ ಬೀಳುವುದು. ಸಾಕಲಾರದ ಮಕ್ಕಳನ್ನು ಮರವು ತಾನೇ ಕೈಬಿಡುವ ಬಗೆಯಿದು.

ಲೆಕ್ಕದ ಮಿತಿ

ಇಷ್ಟರಿಂದ ತೆಂಗಿನ ಮರವೇ ಒಂದು ಸಮೀಕರಣವೆಂದು ವಾಚಕರು ತಿಳಿಯಬಾರದು. ಹೊಸ್ತಿಲು ಸ್ಥಿರವಾದುದಲ್ಲ, ಕೋಶದ ವಯಸ್ಸಿಗೂ ನೀರಿನ ಸ್ಥಿತಿಗೂ ತಕ್ಕಂತೆ ಬದಲಾಗುವುದು. ನಾವು ಮೇಲೆ ಬಳಸಿದ ಸಂಖ್ಯೆಗಳು ತಿಳಿವಳಿಕೆಗಾಗಿ ಇಟ್ಟುಕೊಂಡವೇ ಹೊರತು ತೋಟದಲ್ಲಿ ಅಳೆದವಲ್ಲ. ಮಾದರಿಯು ಮಳೆ ಬರುವುದನ್ನು ಹೇಳಲಾರದು, ಪೇಟೆಯ ಧಾರಣೆಯನ್ನಂತೂ ಹೇಳಲಾರದು. ಯಾವುದನ್ನು ಅಳೆಯಬೇಕು, ಯಾವಾಗ ಎಚ್ಚರಗೊಳ್ಳಬೇಕು ಎಂಬುದನ್ನು ಮಾತ್ರ ಅದು ಹೇಳುವುದು.

ಅಷ್ಟೇ ಸಾಕು. ತೋಟಕ್ಕೆ ಕೆರೆಯ ಗೋಡು ಹೊಡೆಸುವುದನ್ನೂ ಬುಡದ ಸುತ್ತ ಕಾಯಿಸಿಪ್ಪೆ ಹೂಳುವುದನ್ನೂ ನಮ್ಮ ಹಿರಿಯರು ಬಲ್ಲರು. ಇವೆರಡೂ ನೆಲದ ಪಸೆಯನ್ನು ಹಿಡಿದಿಟ್ಟು, ಸುಳಿಯೊಳಗಿನ ಕೋಶದ ಒತ್ತಡ ಹೊಸ್ತಿಲಿಗಿಂತ ಕೆಳಗಿಳಿಯದಂತೆ ಕಾಯುವ ಉಪಾಯಗಳು. ಗರಿ ಜೋಲಿದ ಮೇಲೆ ನೀರಿಗೆ ಓಡುವವನು ಮರವನ್ನು ಉಳಿಸಿಕೊಂಡಾನು. ಆದರೆ ಮೂರು ವರ್ಷಗಳ ಮುಂದಿನ ಹೊಂಬಾಳೆಯ ಪಾಲಿಗೆ ಅವನು ಬಂದುದು ತಡವಾಯಿತು.