ಮನೆಯ ವ್ಯಾಯಾಮ: ಮಿತಿಯೂ ನಿರಂತರತೆಯೂ

ವ್ಯಾಯಾಮವು ಆರೋಗ್ಯಕ್ಕೆ ಅವಶ್ಯಕವೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದಾಗ್ಯೂ, ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಮಹಿಳೆಯರಲ್ಲಿ ಈ ಪ್ರಮಾಣ ಶೇ. 57, ಪುರುಷರಲ್ಲಿ ಶೇ. 42. ಹೀಗೆ ನಿಷ್ಕ್ರಿಯರಾದವರಲ್ಲಿ ಎಂದೂ ವ್ಯಾಯಾಮ ಮಾಡದವರಿರುವಂತೆಯೇ, ಮಿತಿಮೀರಿ ಆರಂಭಿಸಿ ದಣಿದು ಕೈಬಿಟ್ಟವರೂ ಇರುತ್ತಾರೆ. ಈ ಪಾಠವು ಮುಖ್ಯವಾಗಿ ಈ ಎರಡನೆಯ ವರ್ಗದವರನ್ನು ಉದ್ದೇಶಿಸಿದ್ದು.

ಸಮಸ್ಯೆಯ ಸ್ವರೂಪ

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ವ್ಯಾಯಾಮಶಾಲೆಗಳು ಮುಚ್ಚಿದವು. ದೆಹಲಿ, ನೊಯ್ಡಾ, ಗುರುಗ್ರಾಮ, ಫರೀದಾಬಾದ್‌ಗಳ ಅನೇಕ ಮನೆಗಳಲ್ಲಿ ನಡುಮನೆಯೇ ಗರಡಿಯಾಯಿತು. ಪ್ರಯಾಣದ ಹೊರೆಯಿಲ್ಲದ ಆ ದಿನಗಳಲ್ಲಿ ನಿತ್ಯ ಒಂದು ಗಂಟೆಯ ಕಠಿಣ ವ್ಯಾಯಾಮ ಹಲವರಿಗೆ ಸಾಧ್ಯವಾಯಿತು. ಕಚೇರಿಗಳು ಮತ್ತೆ ತೆರೆದ ಬಳಿಕ ಪರಿಸ್ಥಿತಿ ಬದಲಾಯಿತು.

ಉದಾಹರಣೆಗಾಗಿ, ಫರೀದಾಬಾದಿನಲ್ಲಿ ವಾಸಿಸುತ್ತಾ ಮೆಟ್ರೋ ರೈಲಿನಲ್ಲಿ ಕೇಂದ್ರ ಸಚಿವಾಲಯಕ್ಕೆ ಬರುವ, 45 ವರ್ಷ ವಯಸ್ಸಿನ ನೌಕರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರು ವಾರಕ್ಕೆ ಆರು ದಿನ, ಬೆಳಗಿನ ಐದು ಗಂಟೆಗೆದ್ದು, ದಂಡ, ಬಸ್ಕಿ, ಹಗ್ಗದಾಟ, ಭಾರ ಎತ್ತುವಿಕೆ ಎಂದು ಒಂದು ಗಂಟೆ ಬೆವರು ಸುರಿಸುತ್ತಾರೆ. ಮೂರು ತಿಂಗಳಲ್ಲಿ ಮೈ ಹಗುರವಾಗುತ್ತದೆ. ನಾಲ್ಕನೆಯ ತಿಂಗಳಲ್ಲಿ ಮೊಣಕಾಲು ನೋಯುತ್ತದೆ, ನಿದ್ರೆ ಕೆಡುತ್ತದೆ, ಕಚೇರಿಯಲ್ಲಿ ತೂಕಡಿಕೆ ಬರುತ್ತದೆ. ಒಂದು ದಿನ ತಪ್ಪಿದರೆ ಅಪರಾಧ ಮಾಡಿದಂತೆ ಮನಸ್ಸು ಕುಗ್ಗುತ್ತದೆ. ಕೊನೆಗೊಂದು ದಿನ ಎಲ್ಲವೂ ನಿಂತುಹೋಗುತ್ತದೆ. ಇಲ್ಲಿ ತಪ್ಪಿದ್ದು ಯೋಜನೆ. ಅದನ್ನು ತಮ್ಮ ಮನೋಬಲದ ಕೊರತೆಯೆಂದು ಅವರು ಭಾವಿಸಬೇಕಾಗಿಲ್ಲ.

ಪ್ರಾಚೀನರ ಅಭಿಪ್ರಾಯ

ವ್ಯಾಯಾಮಕ್ಕೆ ಮಿತಿ ಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯು ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಾಯಾಮದಲ್ಲಿ ಬಳಸಬೇಕೆಂದು ವಿಧಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಶೀತಕಾಲ ಮತ್ತು ವಸಂತದಲ್ಲಿ ಬಲಶಾಲಿಗಳು ಅರ್ಧಶಕ್ತಿಯವರೆಗೂ, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆಯೂ ವ್ಯಾಯಾಮ ಮಾಡಬೇಕೆನ್ನುತ್ತದೆ. ಅತಿವ್ಯಾಯಾಮದಿಂದ ಉಂಟಾಗುವ ತೊಂದರೆಗಳನ್ನೂ ಈ ಗ್ರಂಥಗಳು ಪಟ್ಟಿ ಮಾಡಿವೆ. ನಾಳೆಯ ವ್ಯಾಯಾಮಕ್ಕೂ ಶಕ್ತಿ ಉಳಿದಿರಬೇಕೆಂಬ ವಿವೇಕವನ್ನು ನಾವು ಇದರಲ್ಲಿ ಕಾಣಬಹುದು.

ವಿಜ್ಞಾನದ ಅನುಭವ

ಕಡಿಮೆ ಮಾಡಿದರೆ ಗಳಿಸಿದ್ದೆಲ್ಲ ನಷ್ಟವಾಗುವುದಲ್ಲವೇ ಎಂಬ ಭಯ ಸಹಜ. ಇದಕ್ಕೆ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್‌ಸನ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಉತ್ತರ ನೀಡುತ್ತವೆ. ಹತ್ತು ವಾರಗಳ ಕಾಲ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಠಿಣ ತರಬೇತಿ ಪಡೆದವರು ನಂತರ ಅದನ್ನು ನಾಲ್ಕು ಅಥವಾ ಎರಡು ದಿನಗಳಿಗೆ ಇಳಿಸಿದರು. ಮುಂದಿನ 15 ವಾರಗಳಲ್ಲಿ ಅವರ ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯವು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ದಿನಗಳನ್ನು ಹಾಗೆಯೇ ಉಳಿಸಿ, ಪ್ರತಿದಿನದ ಅವಧಿಯನ್ನು ತಗ್ಗಿಸಿದಾಗಲೂ ಇದೇ ಫಲ ಕಂಡುಬಂದಿತು. ಶ್ರಮದ ತೀವ್ರತೆಯನ್ನೇ ಬಹಳವಾಗಿ ತಗ್ಗಿಸಿದಾಗ ಮಾತ್ರ ಸಾಮರ್ಥ್ಯ ಕುಂದಿತು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಾಮರ್ಥ್ಯವನ್ನು ಗಳಿಸಲು ಬೇಕಾಗುವ ಶ್ರಮಕ್ಕಿಂತ ಗಳಿಸಿದ್ದನ್ನು ಉಳಿಸಿಕೊಳ್ಳಲು ಬೇಕಾಗುವ ಶ್ರಮ ಬಹಳ ಕಡಿಮೆ. ಎರಡನೆಯದಾಗಿ, ಆರೋಗ್ಯವಂತರು ಇಳಿಸುವಾಗ ಮೊದಲು ದಿನಗಳನ್ನೂ ಅವಧಿಯನ್ನೂ ಇಳಿಸಿ, ವಾರಕ್ಕೆ ಒಂದೆರಡು ಬಾರಿಯಾದರೂ ಉಸಿರು ಏರುವಷ್ಟು ಶ್ರಮವನ್ನು ಉಳಿಸಿಕೊಳ್ಳುವುದು ಲೇಸು.

ಸ್ವಲ್ಪ ಹೊತ್ತಿನ ಅತಿತೀವ್ರ ವ್ಯಾಯಾಮದ ಬಗೆಗೂ ಎಚ್ಚರಿಕೆ ಅಗತ್ಯ. ಇಂದು ಪ್ರಸಿದ್ಧವಾಗಿರುವ ‘ತಬಾತ’ ಪದ್ಧತಿಗೆ ಆಧಾರವಾದದ್ದು ಜಪಾನಿನ ಇಜುಮಿ ತಬಾತ ಅವರ ತಂಡವು 1996ರಲ್ಲಿ ಪ್ರಕಟಿಸಿದ ಅಧ್ಯಯನ. 20 ಸೆಕೆಂಡು ಶ್ರಮ, 10 ಸೆಕೆಂಡು ವಿಶ್ರಾಂತಿ ಎಂಬ ಆ ಕ್ರಮವನ್ನು ಆರು ವಾರಗಳ ಕಾಲ ವ್ಯಾಯಾಮ ಸೈಕಲ್ಲಿನ ಮೇಲೆ ಅನುಸರಿಸಿದವರು ದೈಹಿಕ ಶಿಕ್ಷಣದ ಯುವ ವಿದ್ಯಾರ್ಥಿಗಳು. ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಮಧ್ಯವಯಸ್ಕರು ಅದನ್ನು ನಿತ್ಯವಿಧಿಯನ್ನಾಗಿ ಮಾಡಿಕೊಳ್ಳಬೇಕಾದ ಅವಶ್ಯಕತೆಯಿಲ್ಲ.

ಎಷ್ಟು ಸಾಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ, ಇಲ್ಲವೆ 75ರಿಂದ 150 ನಿಮಿಷಗಳ ತೀವ್ರ ಚಟುವಟಿಕೆ ಬೇಕು. ಇದರೊಂದಿಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಬೇಕು. ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ. ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ಕಟ್ಟಿದರೆ ತೀವ್ರ. ಹಿಂದೆ ಒಂದೇ ಸಮನೆ ಹತ್ತು ನಿಮಿಷ ಮಾಡಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮವಿತ್ತು. 2020ರ ಮಾರ್ಗಸೂಚಿ ಅದನ್ನು ಕೈಬಿಟ್ಟಿತು. ಆದುದರಿಂದ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವುದೂ ಲೆಕ್ಕಕ್ಕೆ ಸೇರುತ್ತದೆ.

ಮೇಲೆ ಹೇಳಿದ ನೌಕರರ ಆರು ಗಂಟೆಗಳ ವಾರವನ್ನು ಹೀಗೆ ಮಾರ್ಪಡಿಸಬಹುದು:

1. ಸೋಮವಾರ ಮತ್ತು ಶುಕ್ರವಾರ: ದಂಡ, ಬಸ್ಕಿ, ಹಗುರ ಭಾರ — ತಲಾ 25 ನಿಮಿಷ. ಇನ್ನೂ ಎರಡು ಮೂರು ಬಾರಿ ಮಾಡಬಲ್ಲೆನೆಂಬಾಗಲೇ ನಿಲ್ಲಿಸುವುದು.
2. ಬುಧವಾರ: ಮೆಟ್ಟಿಲು ಹತ್ತುವುದು ಅಥವಾ ಹಗ್ಗದಾಟ, ನಡುನಡುವೆ ವಿಶ್ರಾಂತಿಯೊಂದಿಗೆ 20 ನಿಮಿಷ. ಮೊಣಕಾಲು ನೋವಿದ್ದರೆ ಹಗ್ಗದಾಟ ಸಲ್ಲದು.
3. ಮಂಗಳವಾರ, ಗುರುವಾರ, ಶನಿವಾರ: ಬಿರುನಡಿಗೆ 40 ನಿಮಿಷ, ಇದನ್ನು ನಿಲ್ದಾಣಕ್ಕೆ ಹೋಗಿಬರುವ ದಾರಿಯಲ್ಲಿ ಹಂಚಿಕೊಳ್ಳಬಹುದು.
4. ಭಾನುವಾರ: ವಿಶ್ರಾಂತಿ.

ತೀವ್ರ ಶ್ರಮದ ಒಂದು ನಿಮಿಷವನ್ನು ಮಧ್ಯಮ ಶ್ರಮದ ಎರಡು ನಿಮಿಷಗಳಿಗೆ ಸಮವೆಂದು ಎಣಿಸಿದರೆ, ನಡಿಗೆಯ 120 ಮತ್ತು ಬುಧವಾರದ 40 ಸೇರಿ 160 ನಿಮಿಷಗಳಾಗುತ್ತವೆ. ಒಟ್ಟು ಹೊತ್ತು 360 ನಿಮಿಷಗಳಿಂದ 190ಕ್ಕೆ ಇಳಿದರೂ ಮಾರ್ಗಸೂಚಿಯ ಅಗತ್ಯ ಪೂರೈಸುತ್ತದೆ. ಇಷ್ಟೂ ಸಾಧ್ಯವಾಗದ ದಿನ ಐದು ನಿಮಿಷ ಮಾಡಿ ಮುಗಿಸಬಹುದು. ಅಭ್ಯಾಸದ ಎಳೆ ಕಡಿಯದಿರುವುದೇ ಅಂದಿನ ಲಾಭ.

ದೆಹಲಿಯ ಋತುಮಾನ

ಪ್ರಾಚೀನರು ಚಳಿಗಾಲವನ್ನು ವ್ಯಾಯಾಮಕ್ಕೆ ಪ್ರಶಸ್ತವೆಂದರು. ಆದರೆ ಇಂದಿನ ದೆಹಲಿಯಲ್ಲಿ ಆ ಕಾಲವೇ ಹೊಗೆಮಂಜಿನ ಕಾಲವೂ ಹೌದು. ಚಳಿಯ ಮುಂಜಾನೆ ನೆಲದ ಬಳಿಯ ತಂಪು ಗಾಳಿ ಮೇಲೇಳದೆ ಮಲಿನಕಣಗಳನ್ನು ಹಿಡಿದಿಡುತ್ತದೆ. ಶ್ರಮಪಟ್ಟಷ್ಟೂ ನಾವು ಅವನ್ನು ಹೆಚ್ಚು ಒಳಗೆಳೆದುಕೊಳ್ಳುತ್ತೇವೆ. ವಾಯು ಗುಣಮಟ್ಟ ಸೂಚ್ಯಂಕವು 201ರಿಂದ 300ರವರೆಗೆ ಇದ್ದರೆ ‘ಕಳಪೆ’, 301ರಿಂದ 400ರವರೆಗೆ ‘ಅತಿ ಕಳಪೆ’, 400ನ್ನು ಮೀರಿದರೆ ‘ತೀವ್ರ’. ಸೂಚ್ಯಂಕ 200ನ್ನು ದಾಟಿದ ದಿನ ಹೊರಗಿನ ಬಿರುನಡಿಗೆಯನ್ನು ಬಿಟ್ಟು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಗುರ ವ್ಯಾಯಾಮ ಮಾಡುವುದು ಉಚಿತ. ಮೇ–ಜೂನ್ ತಿಂಗಳ ಬಿಸಿಗಾಳಿಯಲ್ಲಿ ಸೂರ್ಯೋದಯಕ್ಕೆ ಮೊದಲೇ ಮುಗಿಸಿ, ನೀರು ಕುಡಿದು, ಶ್ರಮವನ್ನೂ ತಗ್ಗಿಸಬೇಕು. ಋತುವಿಗೆ ತಕ್ಕಂತೆ ಇಳಿಸಿದ ಯೋಜನೆಯು ಋತು ಬದಲಾದಾಗ ಮತ್ತೆ ಏರಬಲ್ಲದು.

ಎಚ್ಚರಿಕೆಯ ಲಕ್ಷಣಗಳು

ಹಲವು ದಿನ ನಿದ್ರೆ ಬಾರದಿರುವುದು, ಕಾರಣವಿಲ್ಲದ ಸಿಡುಕು, ಬೆಳಗ್ಗೆ ಎದ್ದೊಡನೆ ನಾಡಿ ಎಂದಿಗಿಂತ ವೇಗವಾಗಿರುವುದು, ವಾಸಿಯಾಗದ ಕೀಲುನೋವು — ಇವು ಶ್ರಮವನ್ನು ಇಳಿಸಬೇಕೆಂಬುದರ ಸೂಚನೆಗಳು. ಎದೆನೋವು, ತಲೆಸುತ್ತು ಅಥವಾ ಅಸಹಜ ಏದುಸಿರು ಕಂಡರೆ ತತ್‌ಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಕಠಿಣ ವ್ಯಾಯಾಮದ ನಂತರ ಮೂತ್ರವು ಕಡುಕಂದಾದರೆ ಸ್ನಾಯುಗಳಿಗೆ ತೀವ್ರ ಹಾನಿಯಾಗಿರುವ ಸಂಭವವುಂಟು. ಅದರಿಂದ ಮೂತ್ರಪಿಂಡಕ್ಕೂ ಅಪಾಯ. ಆಗಲೂ ವಿಳಂಬವಿಲ್ಲದೆ ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಮಧುಮೇಹ ಅಥವಾ ಹೃದ್ರೋಗವುಳ್ಳವರು ವೈದ್ಯರ ಸಲಹೆಯಿಲ್ಲದೆ ತೀವ್ರ ವ್ಯಾಯಾಮವನ್ನು ಆರಂಭಿಸಬಾರದು.

ಉಪಸಂಹಾರ

ವ್ಯಾಯಾಮದ ಫಲವು ಅದು ಮುಂದುವರಿದಷ್ಟು ಕಾಲ ಮಾತ್ರ ಉಳಿಯುತ್ತದೆ. ಮೂರು ತಿಂಗಳು ನಡೆದು ನಿಂತ ಕಠಿಣ ಸಾಧನೆಗಿಂತ ಮೂವತ್ತು ವರ್ಷ ನಡೆಯುವ ಸಾಧಾರಣ ಅಭ್ಯಾಸವೇ ಹಿರಿದು. ದಣಿದಿರುವವರು ತಮ್ಮ ಈಗಿನ ವಾರದ ಯೋಜನೆಯನ್ನು ಒಂದು ಹಾಳೆಯ ಮೇಲೆ ಬರೆದು, ಅದನ್ನು ಅರ್ಧಕ್ಕೆ ಇಳಿಸಿ, ನಾಲ್ಕು ವಾರ ನಡೆಸಿ ನೋಡಲಿ. ಐದನೆಯ ವಾರಕ್ಕೂ ಉತ್ಸಾಹ ಉಳಿದಿದ್ದರೆ ಅದೇ ತಮಗೆ ತಕ್ಕ ಅಳತೆಯೆಂದು ತಿಳಿಯಬಹುದು.