ಗಡ್ಡೆಯ ಪಕ್ಕದಲ್ಲೂ ನೋಡಿ

1. ಮೊದಲು ಬರಿಗಣ್ಣಲ್ಲಿ ನೋಡಿ. ಆಲ್ಡೋಸ್ಟೆರೋನ್ ಸುರಿಸುವ ಅಡ್ರಿನಲ್ ಗಡ್ಡೆ ಹೆಚ್ಚಾಗಿ ಎರಡು ಸೆಂಟಿಮೀಟರ್ ದಾಟುವುದಿಲ್ಲ. ಕೊಯ್ದರೆ ಒಳಗೆ ಅರಿಸಿನದ ಬಣ್ಣ. ಅದು ಕೊಬ್ಬಿನದು. ಸ್ಟೆರಾಯ್ಡ್ ಹಾರ್ಮೋನುಗಳಿಗೆ ಕೊಲೆಸ್ಟೆರಾಲೇ ಕಚ್ಚಾಮಾಲು, ಜೀವಕೋಶ ಅದನ್ನು ಹನಿಹನಿಯಾಗಿ ಕೂಡಿಟ್ಟಿರುತ್ತದೆ. ಸ್ಲೈಡ್ ತಯಾರಿಸುವಾಗ ಆಲ್ಕೋಹಾಲ್, ಝೈಲೀನ್ ಎರಡೂ ಸೇರಿ ಅದನ್ನು ಕರಗಿಸಿಬಿಡುತ್ತವೆ; ನೊರೆಯಂಥ ಬಿಳಿಚು ಕೋಶ ಉಳಿಯುತ್ತದೆ. ಹೊಸ ಪಿಜಿಗಳು ‘ಖಾಲಿ ಕೋಶ’ ಎಂದು ಬರೆಯುತ್ತಾರೆ. ಖಾಲಿ ಮಾಡಿದ್ದು ನಮ್ಮ ಲ್ಯಾಬೇ.

2. ಕೋಶದ ಮುಖ ನೋಡಿ ಹಾರ್ಮೋನಿನ ಹೆಸರು ಹೇಳಬೇಡಿ. ಆಲ್ಡೋಸ್ಟೆರೋನ್ ಹುಟ್ಟುವುದು ಕಾರ್ಟೆಕ್ಸಿನ ಹೊರಪದರದಲ್ಲಿ. ಆದರೆ ಅದನ್ನೇ ತಯಾರಿಸುವ ಗಡ್ಡೆಯ ಕೋಶಗಳು ಎಷ್ಟೋ ಸಲ ಕಾರ್ಟಿಸಾಲ್ ಹುಟ್ಟುವ ನಡುಪದರದವರ ವೇಷದಲ್ಲಿರುತ್ತವೆ. ಸಿವೈಪಿ11ಬಿ2 ಕಿಣ್ವಕ್ಕೆ ಬಣ್ಣ ಹಿಡಿಸುವ ಪರೀಕ್ಷೆ ಈಗಿದೆ. ಅದಿಲ್ಲದ ಊರಲ್ಲಿ ರಕ್ತಪರೀಕ್ಷೆಯ ಚೀಟಿಯೇ ಗತಿ.

3. ಇದು ನನ್ನ ತಪ್ಪಿನಿಂದ ಕಲಿತದ್ದು. ಒಮ್ಮೆ ಗಡ್ಡೆಯಿಂದ ಐದು ಬ್ಲಾಕ್ ತೆಗೆದೆ, ಪಕ್ಕದ ಗ್ರಂಥಿಯಿಂದ ಒಂದೂ ಇಲ್ಲ. ಫಾರಂನಲ್ಲಿ ಕಾರ್ಟಿಸಾಲಿನ ಮಾತೇ ಇರಲಿಲ್ಲ. ಮರುದಿನ ಸರ್ಜನ್ ಫೋನು: “ಬಿಪಿ ಏಳ್ತಾನೇ ಇಲ್ಲ, ಉಳಿದ ಕಾರ್ಟೆಕ್ಸ್ ಹೇಗಿದೆ ಮೇಡಂ?” ಫಾರ್ಮಲಿನ್ ಡಬ್ಬಿಯತ್ತ ಓಡಿದೆ. ಪುಣ್ಯಕ್ಕೆ ಒಂದು ಚೂರು ಉಳಿದಿತ್ತು, ಕಾರ್ಟೆಕ್ಸ್ ಕಾಗದದಷ್ಟು ತೆಳು. ಗಡ್ಡೆ ಕಾರ್ಟಿಸಾಲ್ ಸುರಿಸುತ್ತಿದ್ದರೆ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಪಕ್ಕದ ಕಾರ್ಟೆಕ್ಸೂ ಸೊರಗುತ್ತದೆ, ಇನ್ನೊಂದು ಬದಿಯದೂ ಸೊರಗುತ್ತದೆ. ಆಮೇಲೆ ಹೊರಗಿನಿಂದ ಸ್ಟೆರಾಯ್ಡ್ ಕೊಡದಿದ್ದರೆ ರೋಗಿ ಕುಸಿಯುತ್ತಾರೆ.

4. ರೋಗಿ ನುಂಗಿದ ಮಾತ್ರೆ ಯಾವುದೆಂದು ಕೇಳಿ. ಸ್ಪೈರೋನೊಲ್ಯಾಕ್ಟೋನ್ ತೆಗೆದುಕೊಂಡವರಲ್ಲಿ, ಆಲ್ಡೋಸ್ಟೆರೋನ್ ತಯಾರಿಸುವ ಕೋಶಗಳೊಳಗೆ ಅಡ್ಡಕೊಯ್ದ ಈರುಳ್ಳಿಯಂಥ ಗುಲಾಬಿ ಉಂಡೆಗಳು ಸಿಗುತ್ತವೆ, ಸುತ್ತ ಬಿಳಿ ಬಳೆ. ಎಲ್ಲರಲ್ಲೂ ಸಿಗುವುದಿಲ್ಲ. ಸಿಕ್ಕ ದಿನ ಪಕ್ಕದ ಮೇಜಿನವರನ್ನೂ ಕರೆದು ತೋರಿಸುತ್ತೇನೆ.

5. ಮೆಡುಲ್ಲಾದ ಗಡ್ಡೆ, ಫಿಯೋಕ್ರೋಮೋಸೈಟೋಮಾ, ಬೇರೆಯೇ ಜಾತಿ: ಗೂಡುಗೂಡಾಗಿ ಕೂತ ಕೋಶಗಳು, ನಡುವೆ ತೆಳು ರಕ್ತನಾಳ. ವಿಕಾರವಾದ ನ್ಯೂಕ್ಲಿಯಸ್ ಕಂಡ ಮಾತ್ರಕ್ಕೆ ಬೆಚ್ಚಬೇಡಿ.

6. ಕಾರ್ಟೆಕ್ಸಿನ ಗಡ್ಡೆ ಕ್ಯಾನ್ಸರೋ ಅಲ್ಲವೋ ಎನ್ನಲು ಲಾರೆನ್ಸ್ ವೀಸ್ 1984ರಲ್ಲಿ ಒಂಬತ್ತು ಲಕ್ಷಣ ಪಟ್ಟಿ ಮಾಡಿದರು. ಇವತ್ತು ಮೂರು ಸಿಕ್ಕರೆ ಕ್ಯಾನ್ಸರ್ ಎನ್ನುತ್ತೇವೆ. ಅದರಲ್ಲೊಂದು, 50 ಹೈಪವರ್ ಫೀಲ್ಡುಗಳಲ್ಲಿ ಐದಕ್ಕಿಂತ ಹೆಚ್ಚು ಮೈಟೋಸಿಸ್. ಎಣಿಸಲು ಕೂತಾಗ ಫೋನ್ ದೂರವಿಡಿ.

7. ಇದು ಸರ್ಜನ್ ಮಿತ್ರರಿಗೆ. ‘ಅಡ್ರಿನಲ್ ಗಡ್ಡೆ’ ಎಂದಷ್ಟೇ ಬರೆದು ಕಳಿಸಬೇಡಿ. ಬಿಪಿ, ಪೊಟ್ಯಾಸಿಯಂ, ಹಾರ್ಮೋನಿನ ಅಂಕಿ, ಮಾತ್ರೆಯ ಹೆಸರು ಇಷ್ಟನ್ನೂ ಫಾರಂನಲ್ಲಿ ಒಂದು ಸಾಲು ಗೀಚಿ ದಯವಿಟ್ಟು.